ಮಾವನ ಮೇಲ್ ಮತ್ತು ಒತ್ತುವರಿ ಪ್ರಕರಣ

‘ಸಾಫ್ಟ್‌ವೇರಿನಲ್ಲಿ ಕೆಲಸ’ ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು. ನೀವು ಅಲ್ಲಿ ಸಂಬಳದ ಪಟ್ಟಿ ಮಾಡುವವರೋ, ಕ್ಯಾಂಟೀನಿನ ಟೆಂಡರ್ ನೋಡಿಕೊಳ್ಳುವವರೋ ಎಂಬುದು ಯಾರಿಗೂ ಬೇಕಿಲ್ಲ. ನೆಂಟರ ಮನೆಯ ಪ್ರಿಂಟರ್ ಕಾಗದ ನುಂಗಿದರೆ, ಟೀವಿಯಲ್ಲಿ ಚಾನೆಲ್ ಬಾರದಿದ್ದರೆ, ಕಡೆಗೆ ಗೀಸರ್ ಬಿಸಿಯಾಗದಿದ್ದರೂ ಫೋನ್ ಬರುವುದು ನಿಮಗೇ. ಆ ಫೋನು ಹೆಣ್ಣು ಕೊಟ್ಟ ಮಾವನಿಂದ ಬಂದರಂತೂ ಅದನ್ನು ಫೋನ್ ಎನ್ನುವಂತಿಲ್ಲ, ಸಮನ್ಸ್ ಎನ್ನಬೇಕು.

“ಅಳಿಯಂದ್ರೆ, ಮೇಲ್ ತೆಗೆದ್ರೆ ತಾನಾಗೇ ಮುಚ್ಕೊಳ್ಳತ್ತೆ. ಭಾನುವಾರ ಊಟಕ್ಕೆ ಬಂದ್ಬಿಡಿ, ಒಬ್ಬಟ್ಟು ಮಾಡ್ತಾಳಂತೆ ನಿಮ್ಮತ್ತೆ.”

ಹಬ್ಬವಿಲ್ಲದೆ ಒಬ್ಬಟ್ಟು ಮಾಡುತ್ತಾರೆಂದರೆ ಕೇಸು ಗಂಭೀರವಾಗಿದೆ ಎಂದೇ ಅರ್ಥ.

ನಮ್ಮ ಮಾವ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮೈಸೂರಿನ ಸರಸ್ವತಿಪುರಂ ಮನೆಯ ಹಾಲಿನ ಮೂಲೆಯಲ್ಲಿ ಅವರ ಕಂಪ್ಯೂಟರ್ ಇದೆ, ಅದಕ್ಕೆ ಅತ್ತೆ ಹೊಲಿದ ಹೂವಿನ ಬಟ್ಟೆಯ ಮುಸುಕಿದೆ. ಲೋಕವೆಲ್ಲ ಬ್ರೌಸರಿನಲ್ಲೋ ಮೊಬೈಲಿನಲ್ಲೋ ಮೇಲ್ ನೋಡುವಾಗ ಮಾವ ಮಾತ್ರ ಕಂಪ್ಯೂಟರಿನೊಳಗೆ ಪ್ರತ್ಯೇಕ ಮೇಲ್ ಪ್ರೋಗ್ರಾಮನ್ನೇ ಇಟ್ಟುಕೊಂಡಿದ್ದಾರೆ. ಅದರ ಹೆಸರು ಇಲ್ಲಿ ಬೇಡ. ಅದು ಮುಚ್ಚಿಕೊಂಡಾಗ ಮಾವ ಕರೆಯುವ ಹೆಸರಂತೂ ಅಚ್ಚು ಹಾಕುವಂಥದ್ದೇ ಅಲ್ಲ.

“ನನ್ನ ಕಾಗದ ನನ್ನ ಮನೇಲಿರಬೇಕು ಕಣ್ರೀ. ಯಾವನೋ ಅಮೆರಿಕದವನ ಗೋಡೌನಲ್ಲಿ ಯಾಕಿಡಲಿ?” ಎಂಬುದು ಅವರ ವಾದ. ಮೊಮ್ಮಕ್ಕಳು ನಗುತ್ತಾರೆ. ನನಗೆ ಮಾತ್ರ ಈ ವಾದ ಪೊಳ್ಳೆನಿಸಿಲ್ಲ. ಮೇಲ್ ಇಳಿಸಿಕೊಳ್ಳಲು ಎರಡು ಪದ್ಧತಿಗಳಿವೆ. ಐಮ್ಯಾಪ್‌ನಲ್ಲಿ ಮೂಲ ಸರ್ವರಿನಲ್ಲೇ ಉಳಿದು ಮನೆಗೆ ಅದರ ನಕಲು ಬರುತ್ತದೆ. ಹಳೆಯದಾದ ಪಾಪ್‌ನಲ್ಲಿ ಮೂಲವೇ ಮನೆಗಿಳಿದು, ಬೇಡವೆಂದು ಹೇಳದಿದ್ದರೆ ಸರ್ವರಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ಇದನ್ನು ನಾನು ವಿವರಿಸಿದ ದಿನವೇ ಮಾವ ತೀರ್ಪು ಕೊಟ್ಟಿದ್ದರು: “ನಕಲು ಇಟ್ಕೊಂಡು ಏನ್ ಮಾಡ್ಲಿ? ಕೋರ್ಟಲ್ಲಿ ಒರಿಜಿನಲ್ ಕೇಳ್ತಾರೆ.” ಹೀಗೆ ಪಾಪ್ ಗೆದ್ದಿತು. ಅವರ ಅಷ್ಟೂ ವರ್ಷಗಳ ಒರಿಜಿನಲ್ ಈಗ ಆ ಹೂವಿನ ಮುಸುಕಿನ ಕೆಳಗಿನ ಒಂದೇ ಒಂದು ಹಾರ್ಡ್‌ಡಿಸ್ಕಿನಲ್ಲಿದೆ.

ನಾನು ಹೋಗುವ ಮೊದಲೇ ಅಲ್ಲಿ ತಜ್ಞರ ಮೆರವಣಿಗೆ ನಡೆದುಹೋಗಿತ್ತು.

ಎದುರುಮನೆ ಮೇಷ್ಟ್ರು ನೋಡಿದ ಕೂಡಲೇ ‘ವೈರಸ್’ ಎಂದಿದ್ದರು. ಅವರ ಸಾಕ್ಷಿ ಏನೆಂದರೆ, ಮಾವನ ಹಳೆಯ ಕನ್ನಡ ಮೇಲುಗಳು ಅರ್ಥವಾಗದ ಇಂಗ್ಲಿಷ್ ಅಕ್ಷರ, ಸೊನ್ನೆ, ಕೊಂಬುಗಳ ಗೊಂಚಲಾಗಿ ಕಾಣುತ್ತಿದ್ದವು. ಪಾಪ, ಅವು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪಾದವು. ಆ ಫಾಂಟು ಹಾಕಿದರೆ ಇಂದಿಗೂ ಮುದ್ದಾದ ಕನ್ನಡವಾಗಿ ಎದ್ದು ಕೂರುತ್ತವೆ. ಅದೆಲ್ಲ ಮೇಷ್ಟ್ರಿಗೆ ಬೇಕಿರಲಿಲ್ಲ. ಒಂದು ಪುಕ್ಕಟೆ ಆಂಟಿವೈರಸ್ ಹಾಕಿ ಹೋದರು. ಮಾವ ದುಡ್ಡು ಕೊಟ್ಟು ತಂದ ಇನ್ನೊಂದು ಆಗಲೇ ಅಲ್ಲಿತ್ತು, ಅದರ ಅವಧಿ ಮುಗಿದಿತ್ತು ಅಷ್ಟೆ.

ಬೆಂಗಳೂರಿನಿಂದ ಬಂದ ನನ್ನ ಭಾವಮೈದ ‘ರ‍್ಯಾಮ್ ಸಾಲದು’ ಎಂದು ಇನ್ನೊಂದು ರ‍್ಯಾಮ್ ಸಿಕ್ಕಿಸಿದ. ಜೊತೆಗೆ ಕಂಪ್ಯೂಟರನ್ನು ಚುರುಕು ಮಾಡುತ್ತೇನೆಂದು ಹೇಳಿಕೊಳ್ಳುವ ಒಂದು ಪ್ರೋಗ್ರಾಮು ಹಾಕಿದ. ಅದು ಕಂಪ್ಯೂಟರ್ ಶುರುವಾದಾಗೆಲ್ಲ ಎದ್ದುಬಂದು, ನಿಮ್ಮಲ್ಲಿ ಸಾವಿರಾರು ದೋಷಗಳಿವೆ, ದುಡ್ಡು ಕೊಟ್ಟರೆ ತೆಗೆಯುತ್ತೇನೆ ಎಂದು ಹೆದರಿಸುವ ಜಾತಿಯದು. ಅಂಗಡಿಯ ಹುಡುಗ ಬಂದು, ಮುಸುಕು ತೆಗೆಯುವ ಮೊದಲೇ ಮಂತ್ರ ಹೇಳಿದ: “ಫಾರ್ಮ್ಯಾಟ್ ಹೊಡೆದ್ಬಿಡಣ ಅಂಕಲ್.” ಪಾಪ್, ಒರಿಜಿನಲ್, ಒಂದೇ ಹಾರ್ಡ್‌ಡಿಸ್ಕು ಇಷ್ಟನ್ನೂ ನೆನೆದು ಈ ಮಾತು ಕೇಳಿ ನೋಡಿ, ಎದೆ ಧಸಕ್ಕೆನ್ನುತ್ತದೆ. ಮಾವ ಅವನಿಗೆ ಕಾಫಿ ಕೊಡಿಸಿ ಸಾಗಹಾಕಿದರು. ಅವನು ಹೋಗುವಾಗ ಪಿಡಿಎಫ್ ಮಾಡುವ ಯಾವುದೋ ತುಣುಕೊಂದನ್ನು ಹಾಕಿ ಹೋಗಿದ್ದ, ಬಂದ ಋಣಕ್ಕೆ.

ಅತ್ತೆಯ ಸಲಹೆ ಒಂದೇ: “ಆಫ್ ಮಾಡಿ ಆನ್ ಮಾಡಿ.” ಎಲ್ಲರೂ ಅವರನ್ನು ಅಡುಗೆಮನೆಗೆ ಕಳಿಸಿದ್ದರು. ನನ್ನ ಕೇಳಿದರೆ, ಆ ಮೆರವಣಿಗೆಯಲ್ಲಿ ಕಂಪ್ಯೂಟರಿಗೆ ಏನನ್ನೂ ಸೇರಿಸದೆ ಹೋದವರು ಅವರೊಬ್ಬರೇ.

ನೋಡಿ, ಇದು ನಮ್ಮ ಜನದ ಸ್ವಭಾವ. ಏನಾದರೂ ಕೆಟ್ಟಿತೆಂದರೆ ಇನ್ನೊಂದನ್ನು ತಂದು ಹಾಕುತ್ತೇವೆ. ಕೂಡುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಮೇಲ್ ಪ್ರೋಗ್ರಾಮಿನ ರಿಪೇರಿಯೋ ಪೂರ್ತಿ ಕಳೆಯುವ ಲೆಕ್ಕ. ಅದಕ್ಕೇ ಅದನ್ನು ಮಾಡಿದವರು ‘ಸೇಫ್ ಮೋಡ್’ ಎಂಬುದನ್ನಿಟ್ಟಿದ್ದಾರೆ. ಔಟ್‌ಲುಕ್ ಆದರೆ ಕಂಟ್ರೋಲ್ ಕೀ ಅದುಮಿ ಹಿಡಿದು ತೆರೆಯಬೇಕು. ಥಂಡರ್‌ಬರ್ಡ್ ಆದರೆ ಶಿಫ್ಟ್ ಕೀ, ಅದರಲ್ಲಿ ಈಗ ಇದಕ್ಕೆ ‘ಟ್ರಬಲ್‌ಶೂಟ್ ಮೋಡ್’ ಎನ್ನುತ್ತಾರೆ. ಆಗ ಪ್ರೋಗ್ರಾಮು ತನ್ನ ಬೆನ್ನಿಗಂಟಿದ ಆ್ಯಡ್‌–ಇನ್‌ಗಳನ್ನೆಲ್ಲ ಹೊರಗೆ ನಿಲ್ಲಿಸಿ ಒಂಟಿಯಾಗಿ ಒಳಗೆ ಬರುತ್ತದೆ. ಹಾಗೆ ಬಂದು ಸುಮ್ಮನೆ ಕೂತರೆ ತಪ್ಪು ಅದರದ್ದಲ್ಲ, ಹೊರಗೆ ನಿಂತ ಯಾರದೋ. ಆಗಲೂ ಬಿದ್ದರೆ ಮೇಲ್ ಕಡತವನ್ನೋ ಪ್ರೊಫೈಲನ್ನೋ ಅನುಮಾನಿಸಬೇಕು.

ಮಾವನದು ಸೇಫ್ ಮೋಡಿನಲ್ಲಿ ತೆರೆದು ಕೂತಿತು. ಒಬ್ಬಟ್ಟು ತಿನ್ನುವಷ್ಟು ಹೊತ್ತು ಬಿಟ್ಟು ಬಂದು ನೋಡಿದರೂ ಕೂತೇ ಇತ್ತು.

“ಹಾಗಾದ್ರೆ ಯಾರು?” ಎಂದರು ಮಾವ. ಅವರ ದನಿಯಲ್ಲಿ ಇಲಾಖೆ ಎದ್ದಿತ್ತು.

ವಿಂಡೋಸಿನಲ್ಲಿ ‘ಈವೆಂಟ್ ವ್ಯೂವರ್’ ಎಂಬುದೊಂದಿದೆ. ಮನೆಯಲ್ಲಿ ಕಂಪ್ಯೂಟರ್ ಇರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಅದನ್ನು ತೆರೆದಿರಲಾರರು. ಯಾವ ಪ್ರೋಗ್ರಾಮು ಯಾವ ಗಳಿಗೆಯಲ್ಲಿ ಬಿತ್ತು, ಬೀಳುವಾಗ ಯಾವ ಕಡತ ಕೆಲಸ ಮಾಡುತ್ತಿತ್ತು ಎಂಬುದನ್ನೆಲ್ಲ ಅದು ಯಾರೂ ಕೇಳದಿದ್ದರೂ ಬರೆದಿಡುತ್ತದೆ. ‘ಅಪ್ಲಿಕೇಶನ್’ ವಿಭಾಗದಲ್ಲಿ ಕೆಂಪು ಗುರುತಿನ ಸಾಲು, ಅದರ ನಂಬರು 1000. ಒಳಗೆ ‘ಫಾಲ್ಟಿಂಗ್ ಮಾಡ್ಯೂಲ್’ ಎಂದು ಒಂದು ಕಡತದ ಹೆಸರಿರುತ್ತದೆ. ಅದು ವಿಂಡೋಸಿನದೇ ಕಡತವಾಗಿದ್ದರೆ ಅಷ್ಟಕ್ಕೇ ನಂಬಬಾರದು, ಯಾರೋ ಮಾಡಿದ ತಪ್ಪು ಅಲ್ಲಿಗೆ ಬಂದು ಬಯಲಾಗಿರುತ್ತದೆ. ಬೇರೆ ಯಾರದೋ ಹೆಸರಿದ್ದರೆ ಮಾತ್ರ ಕಿವಿ ನೆಟ್ಟಗಾಗಬೇಕು. ಅದರ ಪಕ್ಕದಲ್ಲೊಂದು ಸಂಕೇತ: ‘ಸಿ’, ಆರು ಸೊನ್ನೆ, ಕೊನೆಗೊಂದು 5.

ಇದೇನೆಂದು ಮಾವ ಕೇಳಿದರು. ಪ್ರತಿ ಪ್ರೋಗ್ರಾಮಿಗೂ ಮೆಮೊರಿಯಲ್ಲಿ ಅಳೆದು ಕೊಟ್ಟ ಜಾಗವಿರುತ್ತದೆ, ತನ್ನದಲ್ಲದ ಕಡೆ ಓದಲೋ ಬರೆಯಲೋ ಹೋದರೆ ವಿಂಡೋಸ್ ಆ ಕ್ಷಣವೇ ಅದನ್ನು ಮುಚ್ಚಿಸಿಬಿಡುತ್ತದೆ ಎಂದೆ.

“ಒತ್ತುವರಿ ಅನ್ನಿ ಮತ್ತೆ!” ಎಂದು ಮಾವ ಕುರ್ಚಿ ಮುಂದಕ್ಕೆಳೆದುಕೊಂಡರು. “ಗಡಿಕಲ್ಲು ದಾಟಿದಾನೆ. ನೋಟಿಸಿಲ್ಲ, ವಾಯಿದೆ ಇಲ್ಲ, ಸೀದಾ ತೆರವು. ನಮ್ ಇಲಾಖೇಲೂ ಹಿಂಗೇ ಇದ್ದಿದ್ರೆ ನಾನ್ಯಾಕ್ರೀ ಅಷ್ಟೊಂದು ಕೆರೆ ಅಳೀಬೇಕಿತ್ತು?”

ನಾನು ಆಫೀಸಿನಲ್ಲಿ ಎಷ್ಟೋ ಜನ ಮೆಮೊರಿಯ ಪಾಠ ಹೇಳುವುದನ್ನು ಕೇಳಿದ್ದೇನೆ. ಇಷ್ಟು ಬೇಗ ಯಾರಿಗೂ ಅರ್ಥವಾದದ್ದು ಕಂಡಿಲ್ಲ.

ಈ ಸಂಕೇತ ಸಣ್ಣ ಆಸಾಮಿಯಲ್ಲ. 2020ರ ಜುಲೈ 15ರಂದು, ಲಾಕ್‌ಡೌನಿನ ದೆಸೆಯಿಂದ ಎಷ್ಟೋ ಮನೆಗಳೇ ಕಚೇರಿಗಳಾಗಿದ್ದಾಗ, ಹಲವು ದೇಶಗಳಲ್ಲಿ ಔಟ್‌ಲುಕ್ ತೆರೆದ ಹಾಗೇ ಮುಚ್ಚಿಕೊಳ್ಳತೊಡಗಿತು. ಬರೆದಿಟ್ಟ ಕಾರಣ ಇದೇ ಸಂಕೇತ. ಅಂದು ಬಳಸುವವರ ಮನೆಯಲ್ಲಿ ವೈರಸ್ಸೂ ಇರಲಿಲ್ಲ, ರ‍್ಯಾಮೂ ಕಡಿಮೆಯಾಗಿರಲಿಲ್ಲ. ದೋಷ ಇದ್ದದ್ದು ಮೈಕ್ರೋಸಾಫ್ಟ್ ಕಡೆ, ಅವರೇ ಬೇಗ ಸರಿಪಡಿಸಿದರು. ಅಷ್ಟರೊಳಗೆ ಎಷ್ಟು ಬೀದಿಗಳಲ್ಲಿ ಎಷ್ಟು ಅಂಗಡಿ ಹುಡುಗರು ಎಷ್ಟು ಫಾರ್ಮ್ಯಾಟ್ ಹೊಡೆದರೋ ದೇವರೇ ಬಲ್ಲ.

ನಮ್ಮ ಕೇಸಿಗೆ ಬರೋಣ. ಆ್ಯಡ್‌–ಇನ್ ಪಟ್ಟಿ ತೆರೆದರೆ ಅಲ್ಲಿ ತಜ್ಞರೆಲ್ಲ ಸಾಲಾಗಿ ಕೂತಿದ್ದರು. ಮೇಷ್ಟ್ರ ಆಂಟಿವೈರಸ್ಸಿನದೊಂದು, ಅವಧಿ ಮುಗಿದದ್ದರದೊಂದು, ಭಾವಮೈದನದು, ಅಂಗಡಿ ಹುಡುಗನ ಪಿಡಿಎಫ್. ಇಂಥ ಕಡೆ ಒಂದೊಂದಾಗಿ ಬೆದಕುತ್ತ ಕೂರಬಾರದು, ಅರ್ಧ ಪಟ್ಟಿಯ ಟಿಕ್ ತೆಗೆದು ನೋಡಬೇಕು. ಬೀಳದಿದ್ದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಮಾವನಿಗೆ ಈ ವಿಧಾನ ಬಹಳ ಹಿಡಿಸಿತು. ಪ್ರತಿ ಸಲ ಪ್ರೋಗ್ರಾಮು ಬಿದ್ದಾಗ “ಹಾಂ!” ಎಂದು ಖುಷಿಪಡತೊಡಗಿದರು. ಬೆಳಿಗ್ಗೆ ಇದೇ ಬೀಳುವಿಕೆಗೆ ಅವರು ಉಪಯೋಗಿಸಿದ ಮಾತು ಬೇರೆಯೇ ಇತ್ತು.

ಸಿಕ್ಕಿಬಿದ್ದದ್ದು ಅವಧಿ ಮುಗಿದ ಆಂಟಿವೈರಸ್ಸಿನ ತುಣುಕು. ಪ್ರತಿ ಮೇಲನ್ನೂ ಒಳಗೆ ಬಿಡುವ ಮೊದಲು ತಡವಿ ನೋಡುವ ಕೆಲಸ ಅದರದ್ದು. ಮೇಷ್ಟ್ರು ಹಾಕಿದ ಹೊಸದೂ ಅದೇ ಮೇಲನ್ನು ಅದೇ ಗಳಿಗೆಯಲ್ಲಿ ತಡವುತ್ತಿತ್ತು. ಇಬ್ಬರು ಕಾವಲುಗಾರರ ಜಗಳದಲ್ಲಿ ಯಜಮಾನ ಬೀಳುತ್ತಿದ್ದ. ಒಂದು ಕಂಪ್ಯೂಟರಿಗೆ ಎರಡು ಆಂಟಿವೈರಸ್ ಬೇಡ ಎಂದು ಅವುಗಳನ್ನು ಮಾಡುವವರೇ ಹೇಳುತ್ತಾರೆ. ನಮ್ಮ ಮೇಷ್ಟ್ರಿಗೆ ಹೇಳುವವರು ಯಾರು? ಅವಧಿ ಮುಗಿದದ್ದನ್ನು ಪೂರ್ತಿ ಕಿತ್ತೆವು. ಅದರ ಬೆನ್ನಿಗೇ ಭಾವಮೈದನದನ್ನೂ ಕಿತ್ತೆವು. ಅದರ ಮೇಲೆ ಆರೋಪವಿರಲಿಲ್ಲ, ಆದರೂ ಮನಸ್ಸಿಗೆ ಹಿತವಾಯಿತು.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಮೇಲ್ ಕಡತದ ಗಾತ್ರ ನನ್ನ ಕಣ್ಣಿಗೆ ಬಿತ್ತು.

ಹಿಂದೆ ಇದಕ್ಕೊಂದು ಗಟ್ಟಿ ಗಡಿಯಿತ್ತು. ಔಟ್‌ಲುಕ್ 2002ರವರೆಗೆ ಪಿಎಸ್‌ಟಿ ಎಂಬ ಕಡತ 2 ಜಿಬಿ ಮುಟ್ಟಿತೆಂದರೆ ಕೆಡುತ್ತಿತ್ತು. 2003ರಲ್ಲಿ ಆ ಗಡಿ 20 ಜಿಬಿ ಆಯಿತು, 2010ರಲ್ಲಿ 50. ಗಡಿ ಬೆಳೆದಂತೆ ಜನರೂ ಬೆಳೆದರು, ಬಿಸಾಡುವುದನ್ನೇ ಬಿಟ್ಟರು. ಅದರ ಮೇಲೆ ಅಟ್ಯಾಚ್‌ಮೆಂಟ್. ಮೇಲ್ ಹುಟ್ಟಿದ್ದು ಬರೀ ಅಕ್ಷರಕ್ಕೆ, ಚಿತ್ರ ಹೋಗಬೇಕಾದರೆ ಅದನ್ನೂ ಅಕ್ಷರವಾಗಿಸಬೇಕು. ಆಗ ಪ್ರತಿ 3 ಬೈಟು 4 ಆಗುತ್ತದೆ. ಹೀಗಾಗಿ ಯಾರೋ ಕಳಿಸಿದ 12 ಎಂಬಿಯ ‘ಶುಭೋದಯ’ ದಾರಿಯಲ್ಲಿ 16 ಎಂಬಿ ಆಗಿ ಮಾವನ ಮನೆಗೆ ಬರುತ್ತದೆ.

“ಬೇಡದ್ದನ್ನೆಲ್ಲ ಡಿಲೀಟ್ ಮಾಡ್ತಾನೇ ಇದೀನಲ್ರೀ” ಎಂದರು ಮಾವ. ಮಾಡಿದ್ದರು. ಆದರೆ ಎಷ್ಟೋ ಮೇಲ್ ಪ್ರೋಗ್ರಾಮುಗಳಲ್ಲಿ ಡಿಲೀಟ್ ಎಂದರೆ ‘ಇದನ್ನು ತೋರಿಸಬೇಡ’ ಎಂದಷ್ಟೇ ಗುರುತು ಹಾಕುವುದು. ಕಡತದೊಳಗೆ ಅದು ಬಿದ್ದೇ ಇರುತ್ತದೆ. ‘ಕಾಂಪ್ಯಾಕ್ಟ್’ ಎಂದು ಒತ್ತಿದಾಗಲೇ ನಿಜವಾಗಿ ಹೋಗುವುದು. ಅದು ನಡೆಯುತ್ತಿರುವಾಗ ಕರೆಂಟು ಹೋದರೆ ಕಡತವೇ ಕೆಟ್ಟೀತು. ಯುಪಿಎಸ್ ಎಲ್ಲಿ ಎಂದೆ. ಬ್ಯಾಟರಿ ಸತ್ತ ಮೇಲೆ ಅತ್ತೆ ಅದನ್ನು ಮನಿಪ್ಲಾಂಟಿನ ಕುಂಡಕ್ಕೆ ಪೀಠ ಮಾಡಿಕೊಂಡಿದ್ದರು. ಅದಕ್ಕೇ ಮೊದಲು ಕಡತದ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿದ್ದಾಯಿತು. “ನಕಲು ತಾನೇ?” ಎಂದು ಮಾವ ಮೂಗು ಮುರಿದರು. ಜೇಬಿಗಿಟ್ಟುಕೊಂಡದ್ದೂ ಅವರೇ.

ಹಳೆಯದರಲ್ಲಿ ಕೆಲವಾದರೂ ಅಳಿಸೋಣ ಎಂದು ಪುಸಲಾಯಿಸಲು ನಾನೊಂದು ಕತೆ ಹೇಳಿದೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬಾತ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಂತ ಎರಡು ಕಂಪ್ಯೂಟರುಗಳ ನಡುವೆ, ನೆಟ್‌ವರ್ಕಿನ ಮೂಲಕ, ಮೊದಲ ಮೇಲ್ ಕಳಿಸಿದ. ಅದರಲ್ಲಿ ಏನಿತ್ತೆಂಬುದು ಅವನಿಗೇ ನೆನಪಿರಲಿಲ್ಲ, ಕೀಲಿಮಣೆಯ ಮೇಲಿನ ಸಾಲಿನ ಅಕ್ಷರಗಳಿರಬೇಕು ಎನ್ನುತ್ತಿದ್ದ. ಅದನ್ನು ಯಾರೂ ಇಟ್ಟುಕೊಳ್ಳಲಿಲ್ಲ, ಆದರೂ ಲೋಕ ನಡೆದುಬಂತಲ್ಲ ಎಂಬುದು ನನ್ನ ತಾತ್ಪರ್ಯ.

ಮಾವ ದಂಗಾಗಿ ನನ್ನ ಮುಖ ನೋಡಿದರು. “ಮೊದಲ್ನೇ ಕಾಗದಾನೇ ಫೈಲ್ ಮಾಡ್ಲಿಲ್ವೆ? ಸಸ್ಪೆಂಡ್ ಮಾಡ್ಬೇಕಿತ್ತು ಅವನನ್ನ.”

ಅಳಿಸುವ ಮಾತು ಅಲ್ಲಿಗೆ ನಿಂತಿತು. ಕಾಂಪ್ಯಾಕ್ಟ್ ಮಾಡಿ ಮೇಲೆದ್ದೆ. ಮೇಲ್ ತೆರೆಯಿತು, ಇಳಿಯಿತು, ಬೀಳಲಿಲ್ಲ.

ಆಮೇಲೆ ಮಾವ ಲೆಟರ್‌ಪ್ಯಾಡ್ ತೆಗೆದರು. ತೆರವು ಆದ ಮೇಲೆ ಮಹಜರು ಆಗಲೇಬೇಕಂತೆ. ಸ್ಥಳ, ವೇಳೆ, ಒತ್ತುವರಿದಾರನ ಹೆಸರು, ಚೆಕ್ಕುಬಂದಿಯ ಜಾಗದಲ್ಲಿ ಕಿಟಕಿ, ಟೀವಿ ಸ್ಟ್ಯಾಂಡ್, ಮನಿಪ್ಲಾಂಟ್, ಗೋಡೆ. ತೆರವುಗೊಳಿಸಿದವರು ಎಂಬಲ್ಲಿ ನಾನು. ಪಂಚರಾಗಿ ಎದುರುಮನೆ ಮೇಷ್ಟ್ರನ್ನು ಕರೆಸಲಾಯಿತು. ತಮ್ಮ ಆಂಟಿವೈರಸ್ ಉಳಿದ ಸಮಾಧಾನಕ್ಕೆ ಅವರು ಓದದೆಯೇ ರುಜು ಹಾಕಿದರು. ಎರಡನೇ ಪಂಚರು ಅತ್ತೆ. ಅವರು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೂ ಓದಿದರು.

“ಒಬ್ಬಟ್ಟಿನ ವಿಷಯ ಎಲ್ಲೂ ಬರೆದೇ ಇಲ್ವಲ್ಲ” ಎಂದು ಪೆನ್ನನ್ನು ಮೇಜಿನ ಮೇಲಿಟ್ಟರು.