ಯಾವ ಲಾಭದಲ್ಲಿ ಪಾಲು?

ಮರ್ಫಿ ಟೌನಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವಳು ಮೆಣಸಿನಕಾಯಿ ಹುರಿದರೆ ನಮ್ಮ ಮನೆಯವರೆಲ್ಲ ಕೆಮ್ಮುತ್ತೇವೆ. ಆಕೆ ಸಾರಿನ ಪುಡಿ, ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಹಲಸೂರಿನ ಎರಡು ಮೂರು ಅಂಗಡಿಗಳಿಗೆ ಹಾಕುತ್ತಾಳೆ, ಉಳಿದದ್ದು ಮನೆಬಾಗಿಲಿಗೆ ಬಂದವರಿಗೆ. ಒಂದು ಕಾಲದಲ್ಲಿ ನಾನು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇದ್ದವಳು. ಹಾಗಾಗಿ ದುಡ್ಡಿನ ಮಾತು ಬಂದಾಗಲೆಲ್ಲ ಆಕೆ ಕಾಂಪೌಂಡಿನ ಹತ್ತಿರ ಬಂದು "ಅಕ್ಕಾ" ಅಂತ ಕೂಗುತ್ತಾಳೆ.

ಮೊನ್ನೆ ಬಂದ ಪ್ರಶ್ನೆ ಇದು. ಪರಿಚಯದ ಹುಡುಗನೊಬ್ಬ ಇವಳ ಪುಡಿಯ ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಾನಂತೆ, ಇಂದಿರಾನಗರದ ಅಪಾರ್ಟ್‌ಮೆಂಟುಗಳಿಂದ ಆರ್ಡರ್ ಹಿಡಿದು ಕೊಡುತ್ತಾನಂತೆ. ಸಂಬಳ ಬೇಡ, ಲಾಭದಲ್ಲಿ ನೂರಕ್ಕೆ ಇಪ್ಪತ್ತು ಕೊಡಿ ಅಂದಿದ್ದಾನೆ.

"ಲಾಭ ಬಂದರೆ ತಾನೇ ಅಕ್ಕಾ ಕೊಡೋದು? ನಂಗೇನೂ ನಷ್ಟ ಇಲ್ವಲ್ಲ."

"ಯಾವ ಲಾಭದಲ್ಲಿ?" ಅಂದೆ.

"ಖರ್ಚು ಕಳೆದು ಉಳಿದಿದ್ದರಲ್ಲಿ."

"ಯಾವ ಖರ್ಚು ಕಳೆದು?"

ಅವಳು ಒಳಗೆ ಹೋಗಿ ನೋಟ್‌ಬುಕ್ ತಂದು ಗೋಡೆಯ ಮೇಲೆ ಇಟ್ಟಳು. ಹಾಳೆಗಳಿಗೆಲ್ಲ ಕೊತ್ತಂಬರಿ ಬೀಜದ ಘಮ. ಹೋದ ತಿಂಗಳ ವ್ಯಾಪಾರ 60,000 ರೂಪಾಯಿ. ಮೆಣಸಿನಕಾಯಿ, ಧನಿಯ, ಬೇಳೆ, ಕೊಬ್ಬರಿ ಎಲ್ಲ ಸೇರಿ 28,000. ಮಿಲ್ಲಿಗೆ, ಕವರಿಗೆ, ಲೇಬಲ್ಲಿಗೆ 6,000. ಗ್ಯಾಸು, ಆಟೊ 3,000. ಉಳಿದದ್ದು 23,000. ಅದರಲ್ಲಿ ನೂರಕ್ಕೆ ಇಪ್ಪತ್ತು ಅಂದರೆ 4,600.

"ನಿನ್ನ ಕೂಲಿ ಎಲ್ಲಿ ಬರೆದಿದ್ದೀಯ?"

ನಕ್ಕುಬಿಟ್ಟಳು. ಮನೆಯಲ್ಲಿ ದುಡಿಯುವ ಹೆಂಗಸರ ಲೆಕ್ಕದ ಪುಸ್ತಕಗಳಲ್ಲಿ ಈ ಒಂದು ಸಾಲು ಇರುವುದೇ ಇಲ್ಲ, ನನಗೆ ಇದರಷ್ಟು ಸಂಕಟ ಕೊಡುವ ಸಂಗತಿ ಇನ್ನೊಂದಿಲ್ಲ. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಹುರಿಯುವವಳು ಅವಳೇ, ಮಿಲ್ಲಿನಲ್ಲಿ ಕಾಯುವವಳೂ ಅವಳೇ. ಅದೇ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡಿದ್ದರೆ 15,000 ಕೊಡಲೇಬೇಕಿತ್ತು. ಅದನ್ನು ಕಳೆದರೆ ಲಾಭ 8,000, ಹುಡುಗನ ಪಾಲು 1,600. ಒಂದೇ ಪುಸ್ತಕ, ಒಂದೇ ತಿಂಗಳು. ಒಂದು ಲೆಕ್ಕಕ್ಕೆ 4,600, ಇನ್ನೊಂದು ಲೆಕ್ಕಕ್ಕೆ 1,600. ಮೊದಲೇ ಮಾತಾಡಿಕೊಳ್ಳದಿದ್ದರೆ ಇಬ್ಬರಿಗೂ ತಮ್ಮದೇ ಸರಿ ಅನ್ನಿಸುತ್ತೆ, ಇಬ್ಬರೂ ಮೋಸಹೋದೆ ಅಂದುಕೊಳ್ಳುತ್ತಾರೆ.

ಪಾಲಿನ ವ್ಯವಹಾರ ನಮ್ಮವರಿಗೆ ಹೊಸದಲ್ಲ. ಕೋಲಾರದ ಕಡೆ ಈಗಲೂ ಕುರಿಯನ್ನು ಪಾಲಿಗೆ ಬಿಡುತ್ತಾರೆ. ಸಾಕಿದವನಿಗೆ ಹುಟ್ಟಿದ ಮರಿಗಳಲ್ಲಿ ಅರ್ಧ, ತಾಯಿಕುರಿ ಕೊಟ್ಟವನದೇ. ಮರಿ ಎಷ್ಟು ಅಂತ ಇಬ್ಬರೂ ಕಣ್ಣಾರೆ ಎಣಿಸಬಹುದು. ಮಲ್ಪೆಯ ದೋಣಿಗಳಲ್ಲೂ ಬಲೆ ಎಳೆಯುವವರಿಗೆ ಪಾಲು ಕೊಡುವ ಪದ್ಧತಿ ಇದೆ. ಮೊದಲು ಡೀಸೆಲ್, ಐಸಿನ ಖರ್ಚು ಕಳೆದು ಆಮೇಲೆ ಹಂಚುವುದು. ಆದರೆ ಮೀನು ಹರಾಜಾಗುವುದು ಬಂದರಿನಲ್ಲೇ, ಎಲ್ಲರ ಎದುರಿಗೇ. ಪುಡಿಯ ಲಾಭ ಹಾಗಲ್ಲ, ಅದು ಇವಳ ನೋಟ್‌ಬುಕ್ಕಿನೊಳಗೇ ಹುಟ್ಟುವುದು. ಹೊರಗಿನವನು ಅದನ್ನು ನಂಬಬೇಕು, ಇಲ್ಲವೇ ತಿಂಗಳು ತಿಂಗಳೂ ಪುಸ್ತಕ ತೋರಿಸಿ ಅಂತ ಕೇಳಬೇಕು.

ಇನ್ನೊಂದು ವಿಷಯ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು, ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಅಲ್ಲಿ ಬೆಲೆ ಬಿದ್ದರೆ ಇವಳ ಲಾಭ ಏರುತ್ತೆ, ಅಲ್ಲಿ ಏರಿದರೆ ಇಲ್ಲಿ ಕರಗುತ್ತೆ. ಹುಡುಗ ಹೋದ ತಿಂಗಳಿಗಿಂತ ಎರಡರಷ್ಟು ಆರ್ಡರ್ ತಂದರೂ ಮೆಣಸಿನಕಾಯಿ ತುಟ್ಟಿಯಾಯಿತು ಅಂತ ಅವನ ಕೈಗೆ ಕಡಿಮೆ ದುಡ್ಡು ಬರಬಹುದು. ಅವನ ದುಡಿಮೆಗೂ ಅವನ ಪಾಲಿಗೂ ಸಂಬಂಧವೇ ಇಲ್ಲದಂತಾಗುತ್ತೆ. ಇದು ಅವನಿಗೂ ಅನ್ಯಾಯ ಅಂತಲೇ ನಾನು ಹೇಳಿದ್ದು.

"ಲಾಭದಲ್ಲಿ ಪಾಲು ಕೊಟ್ರೆ ಅವನು ಪಾರ್ಟ್ನರ್ ಆಗ್ಬಿಡ್ತಾನಂತಲ್ಲ ಅಕ್ಕಾ, ನಮ್ಮೆಜಮಾನ್ರು ಹೆದರಿಸ್ತಿದ್ರು."

ಬರೀ ಅಷ್ಟಕ್ಕೇ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಹಾಗೇ ಎಣಿಸುತ್ತಿದ್ದರು. 1860ರಲ್ಲಿ ಕಾಕ್ಸ್ ಮತ್ತು ಹಿಕ್ಮನ್ ಮೊಕದ್ದಮೆ ಬಂತು. ಸಾಲದಲ್ಲಿ ಮುಳುಗಿದ್ದ ಕಬ್ಬಿಣದ ಕಾರ್ಖಾನೆಯೊಂದರ ಲಾಭದಿಂದ ತಮ್ಮ ಬಾಕಿ ವಸೂಲು ಮಾಡಿಕೊಳ್ಳುತ್ತಿದ್ದ, ಸಾಲ ಕೊಟ್ಟವರು ಅದರ ಪಾಲುದಾರರಲ್ಲ ಅಂತ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಮ್ಮ 1932ರ ಪಾಲುದಾರಿಕೆ ಕಾಯ್ದೆಯ 6ನೇ ಕಲಮು ಅದನ್ನೇ ಹೇಳುತ್ತೆ. ಕೆಲಸಗಾರನೋ ಏಜೆಂಟನೋ ತನ್ನ ದುಡಿಮೆಗೆ ಪ್ರತಿಫಲವಾಗಿ ಲಾಭದ ಪಾಲು ತೆಗೆದುಕೊಂಡರೆ ಅಷ್ಟರಿಂದಲೇ ಪಾಲುದಾರನಾಗುವುದಿಲ್ಲ. ಇಬ್ಬರ ನಡುವಿನ ನಿಜವಾದ ಸಂಬಂಧ ಏನು ಅಂತ ನೋಡುತ್ತಾರೆ. ಆದರೆ ಅಂಗಡಿಯವರ ಮುಂದೆ "ಇವನು ನಮ್ಮ ಪಾರ್ಟ್ನರ್" ಅಂತ ಪರಿಚಯ ಮಾಡಿಸಬಾರದು. ಅವನು ಸುಮ್ಮನೆ ತಲೆಯಾಡಿಸಿ, ಆ ಮಾತು ನಂಬಿ ಯಾರಾದರೂ ಸಾಲ ಕೊಟ್ಟರೆ, 28ನೇ ಕಲಮಿನ ಪ್ರಕಾರ ಆ ಸಾಲಕ್ಕೆ ಅವನೂ ಹೊಣೆ. ಪಾಪ, ಫೋಟೊ ತೆಗೆಯಲು ಬಂದ ಹುಡುಗನಿಗೆ ಯಾಕೆ ಬೇಕು ಅದು?

"ಹಾಗಾದ್ರೆ ಏನ್ ಮಾಡ್ಲಿ ಹೇಳಿ."

"ಅವನು ತಂದ ಆರ್ಡರಿನ ಬಿಲ್ಲಿನ ಮೇಲೆ ನೂರಕ್ಕೆ ಹತ್ತು ಕೊಡು. ದುಡ್ಡು ಕೈಗೆ ಬಂದ ಮೇಲೆ ಕೊಡು, ತಿಂಗಳ ಐದನೇ ತಾರೀಕಿಗೆ ತಪ್ಪದೆ ಕೊಡು."

ಲೆಕ್ಕ ಹಾಕಿದೆವು. ಅವನಿಂದ 20,000 ವ್ಯಾಪಾರ ಹೆಚ್ಚಾದರೆ ಸಾಮಾನು, ಮಿಲ್ಲು, ಗ್ಯಾಸು ಎಲ್ಲ ಕಳೆದು ಅವಳಿಗೆ ಸುಮಾರು 7,700 ಉಳಿಯುತ್ತೆ. ಅದರಲ್ಲಿ ಅವನಿಗೆ 2,000. ಉಳಿದ 5,700ರಲ್ಲೇ ಅವಳ ಹೆಚ್ಚುವರಿ ದುಡಿಮೆಯೂ ಬಂತು. ಬಿಲ್ಲು ಇಬ್ಬರ ಫೋನಿನಲ್ಲೂ ಇರುತ್ತೆ, ಪುಸ್ತಕ ತೋರಿಸು ಅಂತ ಯಾರೂ ಕೇಳಬೇಕಾಗಿಲ್ಲ.

ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆದೆ. ಯಾವ ಕೆಲಸ, ಎಷ್ಟು ಪಾಲು, ಯಾವಾಗ, ಬಿಟ್ಟುಹೋಗುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಕೆಳಗೆ ಇಬ್ಬರ ಸಹಿಗೂ ಜಾಗ ಬಿಟ್ಟೆ.

ಓದಿ ನೋಡಿ ಅವಳು ಕೇಳಿದ ಪ್ರಶ್ನೆ ನನಗೇ ಹೊಳೆದಿರಲಿಲ್ಲ. "ಅವನು ಹಿಡಿದುಕೊಟ್ಟ ಗಿರಾಕಿ ಮುಂದಿನ ತಿಂಗಳು ನೇರ ನಂಗೇ ಫೋನ್ ಮಾಡಿದ್ರೆ? ಆಗಲೂ ಕೊಡ್ಬೇಕಾ?"

"ಆರು ತಿಂಗಳು ಕೊಡು. ಆ ಗಿರಾಕಿಗೆ ನಿನ್ನ ಬಾಗಿಲು ತೋರಿಸಿದ್ದು ಅವನೇ ತಾನೇ? ಆಮೇಲೂ ಅವರು ಬಂದರೆ ನಿನ್ನ ಪುಡಿಯ ರುಚಿಗೆ ಬಂದವರು ಕಣೇ."

ಸ್ವಲ್ಪ ಹೊತ್ತು ಯೋಚಿಸಿ, ಆಗಲಿ ಅಂದು, ಐದನೇ ಸಾಲನ್ನು ಅವಳೇ ಬರೆದುಕೊಂಡಳು.