ಬಜಪೆಯಲ್ಲಿ ಬಿಚ್ಚಿದ ಪೆಟ್ಟಿಗೆ

ಮಂಗಳೂರೆಂದರೆ ಮಡಂತ್ಯಾರಿನವರಾದ ನಮಗೆ ಮೊದಲಿನಿಂದಲೂ ಸ್ವಲ್ಪ ಅಳುಕು. ಹಂಪನಕಟ್ಟೆಯಲ್ಲಿ ಬಸ್ಸಿಳಿಯುವ ಮೊದಲೇ ನಮ್ಮ ದೊಡ್ಡಪ್ಪ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. 1906ರಲ್ಲಿ ಕೆನರಾ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಅಂತ, ನಾವು ಬಸಳೆ ಚಪ್ಪರ ಹಾಕಿದಷ್ಟು ಸಲೀಸಾಗಿ ಬ್ಯಾಂಕು ಎಬ್ಬಿಸಿದ ಊರದು. ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ ಗೋಡೆ, ಮಾಡು ಒಂದನ್ನೂ ಬಿಡದೆ ಚಿತ್ರ ತುಂಬಿಸಿಟ್ಟ ಊರು. ಅಲ್ಲಿ ಜೋರಾಗಿ ಸೀನಲಿಕ್ಕೂ ನಮಗೆ ಸಂಕೋಚ.

ಇಂಥ ಊರಿನ ವಿಮಾನ ನಿಲ್ದಾಣ ಇನ್ನೆಷ್ಟು ಭಯಂಕರ ಇರಬಹುದು ಎಂದು ಹೆದರಿಕೊಂಡೇ ತೊಂಬತ್ತರ ದಶಕದ ಒಂದು ದಿನ ಬಜಪೆಗೆ ಹೊರಟೆವು. ಬಾವ ಬೊಂಬಾಯಿ ಮೇಲಿಂದ ದುಬೈಗೆ ಹೋಗುವವರಿದ್ದರು. ಹೋಗುವವರು ಒಬ್ಬರು, ಕಳಿಸಿಕೊಡುವವರು ಹದಿಮೂರು ಮಂದಿ, ಜೀಪು ಒಂದು. ಪುಂಜಾಲಕಟ್ಟೆಯಲ್ಲಿ ಹದಿನಾಲ್ಕನೆಯವರು ಹತ್ತಿದರು. ಅವರು ಯಾರ ಕಡೆಯವರೆಂದು ಈಗಲೂ ಇತ್ಯರ್ಥವಾಗಿಲ್ಲ. ಪೊಳಲಿಯಲ್ಲಿ ಎಲ್ಲರೂ ಇಳಿದು ರಾಜರಾಜೇಶ್ವರಿಗೆ ಕೈಮುಗಿದೆವು. ದುಬೈಯಲ್ಲಿ ಬಾವನಿಗೆ ಕುಚ್ಚಲಕ್ಕಿ ಸಿಗಲಿ ಅಂತ ಅಜ್ಜಿಯ ಹರಕೆ.

ಗುಡ್ಡ ಹತ್ತಿ ಜೀಪು ನಿಂತಾಗ ದೊಡ್ಡಪ್ಪ ಕಾಲರ್ ಹಿಡಿದುಕೊಂಡೇ ಸುತ್ತ ನೋಡಿದರು. ಮಳೆಗೆ ಬಣ್ಣ ಮಾಸಿದ, ನಮ್ಮ ಹೈಸ್ಕೂಲಿನ ತಮ್ಮನ ಹಾಗಿದ್ದ ಒಂದು ಕಟ್ಟಡ. ನಮ್ಮ ಕಡೆಯ ಆಟಿ ತಿಂಗಳ ಮಳೆಗೆ ಬಣ್ಣ ಉಳಿಸಿಕೊಂಡ ಗೋಡೆ ಯಾವುದುಂಟು, ಬಿಡಿ.

“ಎಂತ ಮಾರಾಯ, ಇದೇಯಾ ಏರ್‌ಪೋರ್ಟು? ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನ ಹಾಗೆ ಉಂಟಲ್ಲ!”

ಅಷ್ಟು ಹೇಳಿ ದೊಡ್ಡಪ್ಪ ಕಾಲರ್ ಬಿಟ್ಟರು, ಮೇಲಿನ ಗುಂಡಿಯನ್ನೂ ಬಿಚ್ಚಿದರು. ಅಜ್ಜಿ ಎಲೆಯಡಿಕೆ ಚೀಲ ತೆಗೆದರು. ಮಂಗಳೂರಿನಲ್ಲಿ ನಮಗೆ ಹೆದರಿಕೆಯಾಗದ ಜಾಗ ಸಿಕ್ಕಿದ್ದು ಅದೇ ಮೊದಲು.

ಹಾಗೆಂದು ಅದು ಹೆಸರಿಲ್ಲದ ಜಾಗವೇನಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಶುರುವಾದ ನಿಲ್ದಾಣ. ರನ್‌ವೇ 1,615 ಮೀಟರ್. ನಮ್ಮ ಪೇಟೆಯಿಂದ ಹೊರಟವ ಬಾಯಿಗೆ ಹಾಕಿದ ಎಲೆಯಡಿಕೆ ಕೆಂಪಾಗುವುದರೊಳಗೆ ನಡೆದು ಮುಗಿಸುವ ದೂರ. ಬೆಂಗಳೂರಿನವರೂ ನಗಬೇಕಾಗಿಲ್ಲ. ಲೋಕಕ್ಕೆಲ್ಲ ಕಂಪ್ಯೂಟರ್ ಕಲಿಸಿದ ಆ ಊರು 2008ರ ಮೇ 24ರಂದು ದೇವನಹಳ್ಳಿಗೆ ಹೋಗುವವರೆಗೂ ಎಚ್‌ಎಎಲ್‌ನ ಹಳೇ ನಿಲ್ದಾಣದಲ್ಲೇ ಮೊಣಕೈ ತಾಗಿಸಿಕೊಂಡು ನಿಂತಿತ್ತು.

ಬಾವನ ಪೆಟ್ಟಿಗೆ ತೂಕಕ್ಕಿಟ್ಟರೆ ಹೆಚ್ಚಾಯಿತು. ಅಲ್ಲೇ ನೆಲದ ಮೇಲೆ ಬಿಚ್ಚಿದೆವು. ಹಲಸಿನ ಹಪ್ಪಳ, ಸಾಂತಣಿ, ಅವಲಕ್ಕಿ, ಒಂದು ಕತ್ತಿ (ಇದು ಯಾಕೆಂದು ಅಕ್ಕನೇ ಹೇಳಬೇಕು), ಎಲ್ಲದರ ಅಡಿಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ. ಭರಣಿ ಸೋರಿ ಬಾವನ ಇಂಟರ್‌ವ್ಯೂ ಅಂಗಿ ಅರ್ಧ ಕೆಂಪಾಗಿತ್ತು. ಜಾಗ ಸಣ್ಣದಾದ್ದರಿಂದ ನಮ್ಮ ಮನೆಯ ಈ ಗುಟ್ಟು ಒಂದೇ ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು. ಮೂಡುಬಿದಿರೆಯ ಒಂದು ಸಂಸಾರ ಹಗ್ಗ ಕೊಟ್ಟಿತು. ಇನ್ಯಾರೋ ಪ್ಲಾಸ್ಟಿಕ್ ತೊಟ್ಟೆ ಕೊಟ್ಟರು. ಅಜ್ಜಿ ಹಗ್ಗ ಕೊಟ್ಟವರ ಮನೆತನ ವಿಚಾರಿಸಿದರು. ಹತ್ತೇ ನಿಮಿಷದಲ್ಲಿ ಅವರು ನಮ್ಮ ದೊಡ್ಡಮ್ಮನ ತವರಿನ ಕಡೆಯವರಾದರು. ಬಾವ ವಿಮಾನ ಹತ್ತಿದ್ದನ್ನು ನಮ್ಮಲ್ಲಿ ಯಾರೂ ಸರಿಯಾಗಿ ನೋಡಲಿಲ್ಲ. ಎಲ್ಲರೂ ಹೊಸ ನೆಂಟರ ಜೊತೆ ಮಾತಿನಲ್ಲಿದ್ದರು.

ಆಮೇಲೆ ಎಲ್ಲ ಬದಲಾಯಿತು. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನವೂ ಬಂತು. ಬೊಂಬಾಯಿಯ ಉಪಕಾರ ಬೇಡವಾಯಿತು. 2010ರ ಮೇ 15ರಂದು ಕೆಂಜಾರಿನ ಬದಿಯಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಅದೇ ತಿಂಗಳ 22ರಂದು ಅಲ್ಲಿ ನಡೆದ ವಿಮಾನ ದುರಂತವನ್ನು ನಮ್ಮೂರಿನವರು ಹರಟೆಯ ನಡುವೆ ತರುವುದಿಲ್ಲ, ನಾನೂ ತರುವುದಿಲ್ಲ.

ಹೊಸದು ಚೆಂದ ಉಂಟು. ಗಾಜು, ತಂಪು, ಮುಖ ಕಾಣುವ ನೆಲ. ಮಂಗಳೂರಿಗೆ ಒಪ್ಪುವಂಥದ್ದೇ. ದೊಡ್ಡಪ್ಪ ಇದ್ದಿದ್ದರೆ ಪೊಳಲಿಯಿಂದಲೇ ಕಾಲರ್ ಹಿಡಿದುಕೊಳ್ಳುತ್ತಿದ್ದರು.

ಹೋದ ಸಲ ಬಾವನ ಮಗನನ್ನು ಬಿಡಲಿಕ್ಕೆ ಹೋದವ ನಾನೊಬ್ಬನೇ. ಅವನು ಬಾಗಿಲ ಹೊರಗೇ ಸಣ್ಣ ತಕ್ಕಡಿ ತೆಗೆದು, ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸಿ ತೂಗಿದ. ಎರಡು ಕೆಜಿ ಹೆಚ್ಚು. ಝಿಪ್ ಎಳೆದು ನಮ್ಮಕ್ಕನ ಭರಣಿಯನ್ನು ನನ್ನ ಕೈಗಿಟ್ಟು, “ಇದು ಅಲ್ಲಿ ಲುಲುವಿನಲ್ಲೇ ಸಿಗ್ತದೆ ಮಾವ” ಎಂದ. ನಾನು ಆಚೀಚೆ ನೋಡಿದೆ. ಪಕ್ಕದಲ್ಲಿ ಮೂಡುಬಿದಿರೆಯವರೇ ಇದ್ದರೋ ಏನೋ, ಎಲ್ಲರೂ ಮೊಬೈಲು ನೋಡುತ್ತಿದ್ದರು. ಅಳಿಯ ಗಾಜಿನ ಒಳಗಿಂದ ಒಮ್ಮೆ ಕೈ ಬೀಸಿದ.

ಕೈಕಂಬದಲ್ಲಿ ಬಿ.ಸಿ. ರೋಡಿನ ಬಸ್ಸು ಹತ್ತಿ, ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ: “ಏರ್‌ಪೋರ್ಟಿಂದ ಬಂದದ್ದಾ? ಎಂತ ಬಂತು ದುಬೈಯಿಂದ?”

“ಮಿಡಿ ಉಪ್ಪಿನಕಾಯಿ” ಎಂದೆ.