ಇಪ್ಪತ್ತೇಳೂವರೆ ಶನಿ

28 ಎಂಬುದು 29ಕ್ಕಿಂತ ದೊಡ್ಡದು. ರಾತ್ರಿ ಊಟಕ್ಕೆ ಕೂತಾಗ ನಾನು ಹೀಗೆಂದದ್ದೇ ತಡ, ಯಜಮಾನರು ಸಾರನ್ನದಿಂದ ತಲೆಯೆತ್ತಿ, "ಬ್ಯಾಂಕಲ್ಲಿ ಮಾತ್ರ ಯಾರ ಹತ್ರಾನೂ ಹೇಳ್ಬೇಡ ಕಣೇ, ಇದ್ದಬದ್ದ ಡಿಪಾಜಿಟ್ಟೆಲ್ಲ ವಾಪಸ್ ತಗೊಂಡು ಹೋಗ್ತಾರೆ" ಅಂದರು.

ನನ್ನ ಲೆಕ್ಕವೇನೋ ಸರಿಯಾಗಿಯೇ ಇತ್ತು. ನಮ್ಮಪ್ಪನ ಕಾಲದ ಹರ್ಕ್ಯುಲಿಸ್ ಸೈಕಲ್ಲಿನ ಟೈರಿನ ಮೇಲೆ 28 × 1½ ಅಂತ ಅಚ್ಚು ಇರುತ್ತದಲ್ಲ, ಟೈರು ಕಚ್ಚಿಕೊಂಡು ಕೂರುವ ಜಾಗದಲ್ಲಿ ಅದರ ರಿಮ್ಮಿನ ಅಡ್ಡಳತೆ 635 ಮಿಲಿಮೀಟರ್. ಈಗಿನ 29 ಇಂಚಿನ ಮೌಂಟನ್ ಬೈಕಿನ ರಿಮ್ಮು 622. ಟೈರು ದಪ್ಪವಾದ್ದರಿಂದ ಮೇಲೆ ಮೇಲೆ 29 ಅನ್ನಿಸಿಕೊಳ್ಳುತ್ತದೆ, ಒಳಗೆ ಅಪ್ಪನ ಸೈಕಲ್ಲಿಗಿಂತ 13 ಮಿಲಿಮೀಟರ್ ಕಮ್ಮಿ. ಇನ್ನು 26ರ ರಿಮ್ಮು 559, 27.5ರದ್ದು 584. ಕಳೆದು ನೋಡಿ. 26ಕ್ಕೂ 29ಕ್ಕೂ ನಟ್ಟನಡುವೆ ನಿಂತು ನ್ಯಾಯ ಹೇಳುವ ಪಂಚಾಯ್ತಿದಾರನ ಹಾಗೆ ಪೋಸು ಕೊಡುವ 27.5, ಅಸಲಿಗೆ 26ರ ಕಡೆಯವನು. ಇಷ್ಟನ್ನೂ ನಾನು ಊಟದ ಮಧ್ಯೆ ವಿವರಿಸಿದೆ. ಮಜ್ಜಿಗೆಯ ಹೊತ್ತಿಗೆ ಯಜಮಾನರು ಎದ್ದುಹೋಗಿದ್ದರು.

ಈ ಹುಚ್ಚು ಹತ್ತಿದ್ದು ಹೇಗೆ ಅಂತ ಉದ್ದಕ್ಕೆ ಹೇಳುವಂಥದ್ದೇನೂ ಇಲ್ಲ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಹತ್ತಿದೆ, ಬೀಳಲಿಲ್ಲ. ಆಮೇಲೆ ನಮ್ಮ ಬ್ರಾಂಚಿಗೆ ಹೊಸದಾಗಿ ಸೇರಿದ ಹುಡುಗ, "ಭಾನುವಾರ ಬೆಟ್ಟದ ತಪ್ಪಲಲ್ಲಿ ಮಣ್ಣುದಾರೀಲಿ ಹೊಡೀತೀವಿ, ಬನ್ನಿ ಮೇಡಂ" ಅಂದ. ಮಗಳು ಬಿಟ್ಟುಹೋಗಿದ್ದ ಹಳೇ 26 ಇಂಚಿನ ಸೈಕಲ್ ತಗೊಂಡು ಹೋದೆ. ಒಂದು ಕಲ್ಲಿಗೆ ಸಿಕ್ಕಿ ಸೈಕಲ್ ನಿಂತಿತು. ನಾನು ನಿಲ್ಲಲಿಲ್ಲ. ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದಾಗ ಆ ಹುಡುಗ, "ಇದು 26ರ ಪ್ರಾಬ್ಲಮ್ಮು ಮೇಡಂ, ದೊಡ್ಡ ಚಕ್ರ ಆಗಿದ್ರೆ ಸಲೀಸಾಗಿ ದಾಟ್ತಿತ್ತು" ಅಂದ. ಐವತ್ತು ದಾಟಿದ ಹೆಂಗಸು ಬಿದ್ದಾಗ ವಯಸ್ಸಿನ ಸುದ್ದಿಯನ್ನೇ ಎತ್ತದೆ ತಪ್ಪನ್ನೆಲ್ಲ ಚಕ್ರದ ತಲೆಗೆ ಕಟ್ಟುವವನನ್ನು ನಂಬದೆ ಇನ್ನಾರನ್ನು ನಂಬಲಿ? ಹೊಸ ಸೈಕಲ್ ಕೊಳ್ಳುವುದೆಂದು ಅಲ್ಲೇ, ಅದೇ ಕಲ್ಲಿನ ಮೇಲೆ ಕೂತು ತೀರ್ಮಾನಿಸಿದೆ.

ಓದಲು ಕೂತೆ. ಓದಿದಷ್ಟೂ ತಲೆ ಕೆಟ್ಟಿತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವರು 1930–40ರ ಕಾಲದ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು, ಬೆಟ್ಟದ ಮೇಲಿಂದ ಮಣ್ಣುದಾರಿಯಲ್ಲಿ ಧಡಧಡ ಇಳಿಸುವ ಪಂದ್ಯ ಶುರುಮಾಡಿದರಂತೆ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್ಲುಗಳು ಅವು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ, ಮತ್ತೆ ಹೊಸದಾಗಿ ತುಂಬಬೇಕಿತ್ತು. ಅದಕ್ಕೇ ಪಂದ್ಯಕ್ಕೆ ರೀಪ್ಯಾಕ್ ಅಂತ ಹೆಸರು. ಆ ಹಳೇ ಸೈಕಲ್ಲುಗಳ ಚಕ್ರ 26 ಇಂಚಿನದು. ಇಷ್ಟೇ! ಇದರ ಹಿಂದೆ ಯಾವ ವಿಜ್ಞಾನವೂ ಇಲ್ಲ, ಗಣಿತವೂ ಇಲ್ಲ. ಅವತ್ತು ಗುಜರಿಯಲ್ಲಿ ಏನು ಸಿಕ್ಕಿತೋ ಅದರ ಮೇಲೆ ಪ್ರಪಂಚದ ಬೆಟ್ಟದ ಸೈಕಲ್ಲುಗಳೆಲ್ಲ ಹೆಚ್ಚುಕಮ್ಮಿ ಮೂರು ದಶಕ ಓಡಿದವು. 29ಕ್ಕೆ ತಕ್ಕ ದಪ್ಪ ಟೈರು ಅಂತ ಒಂದು ಬರುವ ಹೊತ್ತಿಗೆ 1999 ಆಗಿತ್ತು. 27.5 ಅನ್ನುವುದು ಹೊಸ ಹೆಸರಿಟ್ಟುಕೊಂಡ ಫ್ರಾನ್ಸಿನವರ ಹಳೇ ಅಳತೆ, 650ಬಿ.

ಒಲಿಂಪಿಕ್ಸನ್ನಾದರೂ ನೋಡಿ ತೀರ್ಮಾನಿಸೋಣ ಅಂದರೆ, 2012ರ ಲಂಡನ್ ಪಂದ್ಯದಲ್ಲಿ ಚಿನ್ನ ಗೆದ್ದ ಯಾರೊಸ್ಲಾವ್ ಕುಲ್ಹಾವಿಯದು 29, ಬೆಳ್ಳಿ ಗೆದ್ದ ನಿನೊ ಶುರ್ಟರ್‌ನದು 27.5. ಇಬ್ಬರ ನಡುವೆ 1 ಸೆಕೆಂಡಿನ ಅಂತರ. ಆ ಒಂದು ಸೆಕೆಂಡು ಚಕ್ರದ್ದೋ ಕಾಲಿನದ್ದೋ? ಕಂಚು ಗೆದ್ದ ಮಾರ್ಕೊ ಫೊಂಟಾನ ಕೊನೆಯ ಸುತ್ತಿನಲ್ಲಿ ಸೀಟೇ ಕಳಚಿಹೋಗಿ, ಕೂರಲು ಜಾಗವಿಲ್ಲದೆ ನಿಂತುಕೊಂಡೇ ಓಡಿಸಿ ಮುಗಿಸಿದ. ಅವನನ್ನು ನೋಡಿದ ಮೇಲೆ ಚಕ್ರದ ಚರ್ಚೆಗೆ ಏನರ್ಥ ಅಂತ ನನಗೂ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

ಮೊದಲ ಅಂಗಡಿಯಲ್ಲಿ ನನ್ನನ್ನು ಕಂಡ ಕೂಡಲೇ ಮಾಲೀಕ ಒಳಗೆ ತಿರುಗಿ, "ಮೇಡಮ್‌ಗೆ ಬುಟ್ಟಿ ಇರೋದು ತೋರ್ಸೋ" ಅಂದ. ಗುಲಾಬಿ ಬಣ್ಣದ್ದು ಬಂತು. ಮೌಂಟನ್ ಬೈಕ್ ಬೇಕು ಅಂದೆ.

"ಮಗನಿಗಾ ಮೇಡಂ? ಏಜ್ ಎಷ್ಟು?"

"ಐವತ್ಮೂರು" ಅಂದೆ.

ಎರಡನೇ ಅಂಗಡಿಯಲ್ಲೂ ಬುಟ್ಟಿಯೇ. ಅಲ್ಲಿ ನನಗೆ ನಗು ಬರಲಿಲ್ಲ. ನಾನು ಸೈಕಲ್ ಕಲಿತದ್ದು ಅಪ್ಪನ 28ರ ಮೇಲೆ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು. ಬಾರ್ ದಾಟಿ ಸೀಟು ಹತ್ತುವುದನ್ನು ಕಲಿಯುವ ಹೊತ್ತಿಗೆ 8ನೇ ಕ್ಲಾಸಿಗೆ ಬಂದಿದ್ದೆ. ಮೈನೆರೆದ ಹುಡುಗಿ ಸೈಕಲ್ ಮುಟ್ಟಕೂಡದು ಅಂದರು. ಹೈಸ್ಕೂಲು ಪಕ್ಕದೂರಿನಲ್ಲಿತ್ತು. ತಮ್ಮ ಅದೇ ಸೈಕಲ್ಲಿನಲ್ಲಿ ಬೆಲ್ ಬಾರಿಸಿಕೊಂಡು ನನ್ನ ಪಕ್ಕದಲ್ಲೇ ದಾಟಿಹೋಗುತ್ತಿದ್ದ. ನಾನು ನಡೆಯುತ್ತಿದ್ದೆ. 2006–07ರಲ್ಲಿ ಸರ್ಕಾರ ಶಾಲೆ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅದೂ 8ನೇ ಕ್ಲಾಸಿನವರಿಗೇ. ಆ ಸುದ್ದಿ ಪೇಪರಿನಲ್ಲಿ ಓದಿದ ದಿನ ಕೌಂಟರಿನಲ್ಲಿ ಕೂತು ಒಂದೇ ಕಟ್ಟನ್ನು ಮತ್ತೆ ಮತ್ತೆ ಎಣಿಸಿದೆ. ಇರಲಿ.

ಮೂರನೇ ಅಂಗಡಿಯ ಹುಡುಗ ಬುಟ್ಟಿಯ ಮಾತೆತ್ತಲಿಲ್ಲ. ಮೂರೂ ಅಳತೆಯ ಸೈಕಲ್ ಹೊರಗಿಟ್ಟು, ತಲೆಗೊಂದು ಹೆಲ್ಮೆಟ್ ಕೂರಿಸಿ, "ಎಷ್ಟು ಬೇಕಾದ್ರೂ ಓಡಿಸಿ ನೋಡಿ ಮೇಡಂ" ಅಂದ. ಪಾಪ, ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

ಸಿದ್ಧಾಂತ ಏನಪ್ಪಾ ಅಂದರೆ, ಚಕ್ರ ದೊಡ್ಡದಾದಷ್ಟೂ ಕಲ್ಲಿಗೆ ತಾಗುವ ಕೋನ ಕಮ್ಮಿಯಾಗಿ ಸುಲಭವಾಗಿ ಹತ್ತಿ ಇಳಿಯುತ್ತದೆ. ಚಿಕ್ಕದಾದರೆ ಹಗುರ, ಬೇಗ ವೇಗ ಹಿಡಿಯುತ್ತದೆ, ಬೇಗ ತಿರುಗುತ್ತದೆ. ಇದನ್ನು ಪರೀಕ್ಷಿಸಬೇಕಾದರೆ ಕಲ್ಲುಬಂಡೆ ಬೇಕು. ಆ ಬೀದಿಯಲ್ಲಿ ಬಂಡೆ ಎಲ್ಲಿ ಬರಬೇಕು? ಟಿಫನ್ ಸೆಂಟರಿನ ಮುಂದೊಂದು ಹಂಪ್ ಇತ್ತು. ಅದನ್ನೇ ಬೆಟ್ಟ ಅಂದುಕೊಂಡೆ.

29ರಲ್ಲಿ ದಾಟಿದೆ, ಏನೂ ತಿಳಿಯಲಿಲ್ಲ. 26ರಲ್ಲಿ ದಾಟಿದೆ, ಆಗಲೂ ತಿಳಿಯಲಿಲ್ಲ. ಮುಂದಿನ ಶಾಕ್ ಅಬ್ಸಾರ್ಬರು ಎಲ್ಲ ವ್ಯತ್ಯಾಸವನ್ನೂ ತಾನೇ ನುಂಗುತ್ತಿತ್ತು. ಮತ್ತೆ 27.5. ಮತ್ತೆ 29. ಗಮನವಿಟ್ಟರೆ ತಿಳಿಯಬಹುದೆಂದು ಕಣ್ಣು ಮುಚ್ಚಿಕೊಂಡು ದಾಟಿದೆ. ಒಬ್ಬ ಸ್ಕೂಟರಿನವನು ಬೈದ. ಕೊನೆಗೆ ಇಳಿದು, ಚಕ್ರವನ್ನು ಕೈಯಲ್ಲೇ ಮೆಲ್ಲಗೆ ಹಂಪಿಗೆ ತಾಗಿಸಿ, ಯಾವ ಜಾಗದಲ್ಲಿ ತಾಗುತ್ತದೆ ಅಂತ ಬಗ್ಗಿ ನೋಡತೊಡಗಿದೆ. ಸರಿಯಾಗಿ ಕಾಣಲಿಲ್ಲ. ಇನ್ನೂ ಬಗ್ಗಿದೆ.

"ಏನ್ ಕಳ್ಕಂಡ್ರಿ ಅಕ್ಕಾ?" ಎಳನೀರಿನವನು ಕೇಳಿದ.

"ಏನಿಲ್ಲ" ಅಂದೆ. ನಮ್ಮಲ್ಲಿ ಹೆಂಗಸು ಏನಿಲ್ಲ ಅಂದರೆ ಏನೋ ದೊಡ್ಡದೇ ಹೋಗಿದೆ ಅಂತ ಅರ್ಥ. ಅವನು ಕೈಯಲ್ಲಿದ್ದ ಮಚ್ಚಿನ ಸಮೇತ ಬಂದು ಪಕ್ಕದಲ್ಲಿ ಬಗ್ಗಿದ. ಇಬ್ಬರು ಬಗ್ಗಿದ್ದನ್ನು ಕಂಡು ಟಿಫನ್ ಸೆಂಟರಿನಿಂದ ಇಡ್ಲಿ ತಟ್ಟೆ ಹಿಡಿದುಕೊಂಡೇ ಇನ್ನಿಬ್ಬರು ಬಂದರು. ವಾಕಿಂಗ್ ಸ್ಟಿಕ್ಕಿನ ಹಿರಿಯರೊಬ್ಬರು ತಾವಾಗಿಯೇ ಅಧಿಕಾರ ವಹಿಸಿಕೊಂಡು, "ಯಾರೂ ತುಳೀಬೇಡಿ, ಆ ಕಡೆಯಿಂದ ಸಾಲಾಗಿ ನೋಡ್ಕೊಂಡು ಬನ್ನಿ" ಎಂದು ಕೋಲಿನಲ್ಲಿ ಗೆರೆ ಎಳೆದರು. ಆಟೋ ನಿಂತಿತು. ಏನಾಯ್ತು ಅಂತ ಆಟೋದವನು ಕೇಳಿದ್ದಕ್ಕೆ ಯಾರೋ, "ಆಯಮ್ಮಂದು ಚಿನ್ನ ಬಿದ್ದೋಗದೆ" ಅಂದರು. ನಾನು ಬಾಯಿ ಬಿಟ್ಟಿರಲೇ ಇಲ್ಲ. ನೋಡುನೋಡುತ್ತ ನನ್ನದೊಂದು ಚಿನ್ನ ಬಿದ್ದುಹೋಗಿತ್ತು.

"ಏನು ವಸ್ತು ತಾಯಿ?" ಹಿರಿಯರು ಕೇಳಿದರು.

29 ಇಂಚಿನ ಚಕ್ರ ಹಂಪಿಗೆ ಯಾವ ಕೋನದಲ್ಲಿ ತಾಗುತ್ತದೆಂದು ನೋಡುತ್ತಿದ್ದೆ ಎಂದು ಆ ಮುಖಕ್ಕೆ ಹೇಳುವ ಧೈರ್ಯ ಯಾರಿಗಿದೆ? ತೀರಾ ಚಿಕ್ಕ ವಸ್ತು ಹೇಳಿದರೆ ಬೇಸತ್ತು ಚೆದುರುತ್ತಾರೆ ಅಂತ, "ಓಲೆ ತಿರುಪು" ಅಂದುಬಿಟ್ಟೆ. ಚಿಕ್ಕದು ಎಂದು ತಿಳಿದ ಮೇಲೆ ಜನಕ್ಕೆ ಹುರುಪು ಇಮ್ಮಡಿಯಾಯಿತು. ಕೆಲವರು ಮಂಡಿಯೂರಿದರು. ಆಟೋದವನು ಮೊಬೈಲಿನ ಟಾರ್ಚ್ ಹಾಕಿದ, ಹಗಲು ಹನ್ನೊಂದು ಗಂಟೆಗೆ.

ಮೂಲೆಯಲ್ಲಿ ಹೂ ಮಾರುತ್ತಿದ್ದಾಕೆ ಮಾತ್ರ ನೆಲ ನೋಡಲಿಲ್ಲ. ನನ್ನ ಕಿವಿ ನೋಡಿದಳು.

"ಎಲ್ಡು ಕಿವೀಲೂ ಐತಲ್ಲವ್ವ?"

"ಇದು ಬೇರೆ ಜೊತೆ."

"ಮತ್ತೆ ಬಿದ್ದಿದ್ದು?"

ಅಷ್ಟರಲ್ಲಿ "ಸಿಕ್ತು!" ಅಂತ ಒಬ್ಬ ಹುಡುಗ ಕೂಗಿದ. ಮೈಸೂರಿನ ಹಂಪಿನ ಬುಡದಲ್ಲಿ ಶ್ರದ್ಧೆಯಿಂದ ಹುಡುಕಿದರೆ ಸಿಗದ ವಸ್ತು ಇಲ್ಲವೆಂದು ಕಾಣುತ್ತದೆ. ಅವನ ಅಂಗೈಯಲ್ಲಿ ನಿಜವಾಗಿಯೂ ಒಂದು ಪುಟ್ಟ ತಿರುಪು. ಕನ್ನಡಕದ್ದೋ, ರೇಡಿಯೋದ್ದೋ, ಆ ದೇವರಿಗೇ ಗೊತ್ತು.

"ಇದೇನಾ ತಾಯಿ?"

ಅಷ್ಟೂ ಮುಖ ನನ್ನನ್ನೇ ನೋಡುತ್ತಿದ್ದವು. ಇಡ್ಲಿಯವರು ಅಗಿಯುವುದನ್ನು ನಿಲ್ಲಿಸಿದ್ದರು. "ಇದೇ" ಅಂದೆ. ಚಪ್ಪಾಳೆ ಬಿತ್ತು. ಹೂವಿನಾಕೆ ಆ ತಿರುಪನ್ನು ಹುಡುಗನ ಕೈಯಿಂದ ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ನನ್ನ ಕೈಗಿಟ್ಟು, ಕಣ್ಣಿಗೆ ಕಣ್ಣು ಕೊಟ್ಟು, "ಚಾಮುಂಡವ್ವ ದೊಡ್ಡೋಳು. ನಾಕು ಮೊಳ ತಗಳವ್ವ" ಅಂದಳು. ತಗೊಂಡೆ. ಮೊಣಕೈಯಿಂದ ಬೆರಳ ತುದಿಗೆ ಅಳೆಯುವಾಗ ಪ್ರತಿ ಮೊಳಕ್ಕೂ ಬೆರಳನ್ನು ಒಂದಿಷ್ಟು ಮಡಚಿದಳು. ಅವಳ ಮೊಳವೂ ಸೈಕಲ್ ಕಂಪನಿಗಳ ಇಂಚೂ ಒಂದೇ ಕುಲದವು. ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹುಡುಕಿದವರಿಗೆಲ್ಲ ಎಳನೀರು ಕುಡಿಸುವುದು ಧರ್ಮ ಅಂತ ಹಿರಿಯರು ಸೂಚಿಸಿದರು. ಅದೂ ಆಯಿತು.

ಹೆಲ್ಮೆಟ್ಟಿನ ಮೇಲೆ ಮೈಸೂರು ಮಲ್ಲಿಗೆ ಸುತ್ತಿಕೊಂಡು ಅಂಗಡಿಗೆ ವಾಪಸ್ ಬಂದೆ. 29 ಕೊಡಿ ಅಂದೆ.

"ನೀವು ಎಷ್ಟು ಹೈಟು ಮೇಡಂ?"

"5 ಅಡಿ 1 ಇಂಚು."

"ನಿಮ್ಮ ಹೈಟಿನ ಫ್ರೇಮಲ್ಲಿ ಈ ಮಾಡೆಲ್ 27.5 ಒಂದೇ ಬರೋದು. 29 ಬರಲ್ಲ."

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು?"

"ಹೇಳೋಣ ಅಂತಾನೇ ಇದ್ದೆ. ನೀವು ಲಂಡನ್ ಒಲಿಂಪಿಕ್ಸ್ ಹೇಳ್ತಾ ಇದ್ರಿ."

ಬ್ರಾಂಚಿನ ಹುಡುಗ ಫೋನಿನಲ್ಲಿ ಇನ್ನೊಂದು ದಾರಿ ಸೂಚಿಸಿದ. ಮುಂದೆ 29, ಹಿಂದೆ 27.5 ಹಾಕಿಸಿಕೊಳ್ಳುವವರೂ ಇದ್ದಾರೆ, 2019ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಅದಕ್ಕೆ ಒಪ್ಪಿಗೆ ಇದೆ ಅಂತ. ಫೋನಿಟ್ಟೆ. 27.5 ತಂದೆ.

"ಏಳೂವರೆ ಶನಿ ಕೇಳಿದ್ದೆ, ಇದ್ಯಾವುದೇ ಇಪ್ಪತ್ತೇಳೂವರೆ?" ಅಂದರು ಯಜಮಾನರು. ಆಮೇಲೆ ಒಂದು ಸುತ್ತು ಬಂದು ನೋಡಿದರು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. "ಇಷ್ಟು ದುಡ್ಡು ಸುರಿದು ಅರ್ಧ ಸೈಕಲ್ ತಂದಿದೀಯಲ್ಲೇ" ಅಂದರು. ನಿನೊ ಶುರ್ಟರ್ ಬೆಳ್ಳಿ ಗೆದ್ದದ್ದು ಇದೇ ಅಳತೆಯಲ್ಲಿ ಅಂದೆ. ಅದೇ ಶುರ್ಟರ್ 2016ರಲ್ಲಿ ರಿಯೋದಲ್ಲಿ ಚಿನ್ನ ಗೆದ್ದದ್ದು 29ರ ಮೇಲೆ ಅನ್ನುವುದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.

ತಪ್ಪಲಿನ ದಾರಿಯಲ್ಲಿ ನನ್ನನ್ನು ಬೀಳಿಸಿದ್ದ ಕಲ್ಲನ್ನು ಹೊಸ ಸೈಕಲ್ ದಾಟಿತು. ದಾಟಿದ ಸಂಭ್ರಮಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ನುಗ್ಗಿ ಜಾಲಿಮುಳ್ಳಿನ ಮೇಲೆ ಹತ್ತಿಸಿದೆ. ತಳ್ಳಿಕೊಂಡು ಬಂದು ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದರೆ, ಅಂಗಡಿಯವನು ಹಿಂದಿನ ಟ್ಯೂಬು ಎಳೆದು, ನೀರಿನಲ್ಲಿ ಅದ್ದಿ, "ಇದ್ಕೆ ಪ್ಯಾಚ್ ಹಾಕದು ದಂಡ ಕನಕ್ಕ, ಜರಡಿ ಆಗೋಗದೆ" ಅಂದ. ಹೊಸದು ಹಾಕಪ್ಪ ಅಂದೆ. ಮೊಳೆಗೆ ತೂಗುಹಾಕಿದ್ದ ಡಬ್ಬಿಯೊಂದನ್ನು ಬಿಚ್ಚಿದ. ಡಬ್ಬಿಯ ಮೇಲೆ 26 ಅಂತ ಇತ್ತು.

"ಅಯ್ಯೋ, ಇದು 27.5!"

"ಗೊತ್ತು ಕನಕ್ಕ."

"ರಿಮ್ಮೇ 25 ಮಿಲಿಮೀಟರ್ ದೊಡ್ಡದು. ಹೇಗೆ ಕೂರತ್ತೆ?"

"ರಬ್ಬರ್ ಅಲ್ವ, ಎಳ್ಕತದೆ."

ಎಳೆದುಕೊಂಡಿತು. ಗಾಳಿ ಹೊಡೆದ, ಬೆರಳಿನಿಂದ ಒತ್ತಿ ನೋಡಿದ, ಚಕ್ರ ಎತ್ತಿ ತಿರುಗಿಸಿದ. ಒಂದಿಷ್ಟೂ ಅಲುಗಾಟವಿಲ್ಲದೆ ಗಿರ್ರನೆ ತಿರುಗಿತು. ದುಡ್ಡು ಕೊಟ್ಟೆ. ಮುಂದಿನ ಚಕ್ರದಲ್ಲೂ ಒಂದು ಮುಳ್ಳು ಕೂತಿದೆ, ಇವತ್ತೋ ನಾಳೆಯೋ ಗಾಳಿ ಇಳಿಯುತ್ತದೆ, ಅದಕ್ಕೂ ಒಂದು 26 ಹಾಕಿಬಿಡಲಾ ಅಂತ ಕೇಳಿದ.

"ಪ್ಯಾಚ್ ಹಾಕಪ್ಪ" ಅಂದೆ. "ಅದೊಂದಾದ್ರೂ ಇಪ್ಪತ್ತೇಳೂವರೆ ಇರ್ಲಿ."